ಏಳು ಅಕ್ಷರ ಕೈಯಲ್ಲಿದ್ದಾಗ: ಇಂಗ್ಲಿಷ್ ಪದ ಹುಡುಕುವ ಬಗೆ

ಕ್ಯೂ ಮತ್ತು ಝಡ್ ಎರಡೂ ಇರುವ ಪದ ಬೇಕು ಎನ್ನುವವರ ಅಗತ್ಯ ಒಂದು. ಈ ಏಳು ಬಿಲ್ಲೆಯಲ್ಲಿ ಏನೇನು ಪದ ಆಗುತ್ತದೆ ನೋಡಿ ಎನ್ನುವವರ ಅಗತ್ಯ ಇನ್ನೊಂದು. ಇಬ್ಬರೂ ಪದ ಹುಡುಕುವ ತಾಣದ ಅದೇ ಪೆಟ್ಟಿಗೆಯಲ್ಲಿ ಅಕ್ಷರ ತುಂಬಿ ಹುಡುಕಲು ಹೊರಡುತ್ತಾರೆ. ಒಬ್ಬರ ಮೇಲೆ ಸಾವಿರಾರು ಪದ ಬಂದು ಬೀಳುತ್ತದೆ, ಇನ್ನೊಬ್ಬರಿಗೆ ಒಂದೂ ಸಿಗುವುದಿಲ್ಲ. ಪದಸಂಪತ್ತು ಸಾಲದೆ ಹೀಗಾಗುವುದು ಕಡಿಮೆ, ಕೇಳಿದ ಪ್ರಶ್ನೆಯೇ ಬೇರೆಯಾಗಿ ಹೀಗಾಗುವುದು ಹೆಚ್ಚು. ಹಾಗಾಗಿ ನಿಘಂಟಿಗೆ ಕೈ ಹಾಕುವ ಮುಂಚೆ ಪ್ರಶ್ನೆಯನ್ನು ಬಿಡಿಸಿಕೊಳ್ಳಬೇಕು.

ಓದುವ ಮುಂಚೆ ಒಂದು ಮಾತು. ಇಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಅವುಗಳ ಹೆಸರಿನಿಂದ ಕನ್ನಡದಲ್ಲೇ ಬರೆದಿದೆ: ಸಿ-ಎ-ಟಿ ಎಂದರೆ ಕ್ಯಾಟ್. ಹುಡುಕುವಾಗ ನೀವು ಒತ್ತಬೇಕಾದ್ದು ರೋಮನ್ ಅಕ್ಷರವನ್ನೇ.

ಪ್ರಶ್ನೆ ಯಾವುದು?

"ಈ ಅಕ್ಷರಗಳಿರುವ ಪದ" ಎಂಬ ಒಂದೇ ಮಾತಿನಲ್ಲಿ ಐದು ಬೇರೆ ಬೇರೆ ಪ್ರಶ್ನೆ ಅಡಗಿವೆ.

ಮೊದಲನೆಯದು, ಈ ಅಕ್ಷರಗಳೆಲ್ಲ ಇರಬೇಕು, ಜೊತೆಗೆ ಬೇರೆಯವೂ ಇರಬಹುದು. ಕ್ಯೂ ಮತ್ತು ಝಡ್ ಕೊಟ್ಟರೆ ಕ್ವಿಝ್, ಕ್ವಾರ್ಟ್ಝ್, ಸ್ಕ್ವೀಝ್ ಬರುತ್ತವೆ. ಎರಡನೆಯದು ಇದರ ತಿರುಗುಮುರುಗು: ಈ ಅಕ್ಷರಗಳಷ್ಟನ್ನೇ ಬಳಸಬೇಕು, ಎಲ್ಲವನ್ನೂ ಬಳಸಲೇಬೇಕೆಂದಿಲ್ಲ. ಅಕ್ಷರ ಬರೆದ ಬಿಲ್ಲೆಗಳಿಂದ ಪದ ಕಟ್ಟುವ ಸ್ಕ್ರ್ಯಾಬಲ್ ಆಡುವವರ ಪ್ರಶ್ನೆ ಇದು. ಮೂರನೆಯದು, ಇಷ್ಟನ್ನೂ ಬಳಸಬೇಕು, ಒಂದೂ ಮಿಗಬಾರದು, ಒಂದೂ ಸೇರಬಾರದು. ಲಿಸನ್ ಪದದ ಆರು ಅಕ್ಷರಗಳಿಂದ ಸೈಲೆಂಟ್, ಎನ್‌ಲಿಸ್ಟ್, ಟಿನ್ಸೆಲ್, ಇನ್‌ಲೆಟ್ಸ್ ಹೊರಡುವುದು ಹೀಗೆ, ಇವು ಅನಾಗ್ರಾಮ್. ನಾಲ್ಕನೆಯದು, ಅಕ್ಷರಗಳು ಬಿಡದೆ ಒಂದರ ಪಕ್ಕ ಒಂದು ಬರಬೇಕು. ಓ-ಯು-ಜಿ-ಎಚ್ ಇರುವ ಪದಗಳ ಅಭ್ಯಾಸಹಾಳೆ ಮಾಡುವ ಶಿಕ್ಷಕರಿಗೆ ಬೇಕಾದದ್ದು ಇದು: ದೋ, ಥ್ರೂ, ಕಾಫ್, ರಫ್, ಬೌ, ಥಾಟ್. ಕಾಗುಣಿತ ಅದೇ, ಉಚ್ಚಾರ ಆರು ಬಗೆ. ಐದನೆಯದು, ಅಕ್ಷರ ಇಂಥ ಮನೆಯಲ್ಲೇ ಕೂರಬೇಕು ಎನ್ನುವ ಪದಬಂಧದ ಪ್ರಶ್ನೆ.

ಇವುಗಳ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಒಂದು ಅಕ್ಷರವನ್ನು ಎಷ್ಟು ಸಲ ಬಳಸಬಹುದು? ಸ್ಕ್ರ್ಯಾಬಲ್‌ನಲ್ಲಿ ಬಿಲ್ಲೆ ಎಷ್ಟಿದೆಯೋ ಅಷ್ಟೇ ಸಲ. ನ್ಯೂಯಾರ್ಕ್ ಟೈಮ್ಸ್‌ನ ಸ್ಪೆಲ್ಲಿಂಗ್ ಬೀ ಆಟದಲ್ಲಿ ಹಾಗಿಲ್ಲ. ಅಲ್ಲಿ ಏಳು ಅಕ್ಷರ ಕೊಟ್ಟು, ನಡುವಿನದು ಇರಲೇಬೇಕು, ಪದ ಕನಿಷ್ಠ ನಾಲ್ಕು ಅಕ್ಷರದ್ದಾಗಿರಬೇಕು ಎನ್ನುತ್ತಾರೆ, ಆದರೆ ಒಂದೇ ಅಕ್ಷರವನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. ಒಂದು ಆಟಕ್ಕೆಂದು ಮಾಡಿದ ಹುಡುಕಾಟವನ್ನು ಇನ್ನೊಂದಕ್ಕೆ ಹಚ್ಚಿದರೆ ಕೆಡುವುದು ಇಲ್ಲೇ.

ಅದಲುಬದಲು ಮಾಡುತ್ತಾ ಕೂರಬೇಡಿ

ಏಳು ಬೇರೆ ಬೇರೆ ಅಕ್ಷರಗಳನ್ನು ಎರಡರಿಂದ ಏಳರವರೆಗಿನ ಉದ್ದದಲ್ಲಿ ಜೋಡಿಸಲು 13,692 ದಾರಿಗಳಿವೆ. ಏಳೂ ಬಳಸುವ ಜೋಡಣೆಗಳೇ 5,040. ಇಷ್ಟನ್ನು ಮನಸ್ಸಿನಲ್ಲಿ ತಿರುವಿ ನೋಡಲು ಯಾರಿಂದಲೂ ಆಗದು, ಕಂಪ್ಯೂಟರಿನಿಂದ ಮಾಡಿಸುವುದೂ ದಡ್ಡತನ.

ದಾರಿ ಸುಲಭ. ಅಕ್ಷರಗಳನ್ನು ಎ-ಬಿ-ಸಿ ಕ್ರಮದಲ್ಲಿ ಸಾಲಾಗಿ ಜೋಡಿಸಿ. ಲಿಸನ್ ಆಗಲಿ ಸೈಲೆಂಟ್ ಆಗಲಿ, ಅಕ್ಷರಗಳನ್ನು ಕ್ರಮಕ್ಕೆ ತಂದರೆ ಇ-ಐ-ಎಲ್-ಎನ್-ಎಸ್-ಟಿ. ಎರಡು ಪದಗಳಿಗೆ ಒಂದೇ ಸಾಲು ಬಂತೆಂದರೆ ಅವು ಅನಾಗ್ರಾಮ್. ಆಟಗಾರರು ಇದನ್ನು ಆಲ್ಫಾಗ್ರಾಮ್ ಎನ್ನುತ್ತಾರೆ. ನಿಘಂಟಿನ ಪ್ರತಿ ಪದಕ್ಕೂ ಒಮ್ಮೆ ಈ ಸಾಲನ್ನು ಬರೆದಿಟ್ಟುಕೊಂಡರೆ, ಏಳು ಬಿಲ್ಲೆಗೆ ನೋಡಬೇಕಾದ್ದು 120 ಸಾಲು ಮಾತ್ರ. ಏಳು ಅಕ್ಷರಗಳಿಂದ ಎರಡೋ ಅದಕ್ಕಿಂತ ಹೆಚ್ಚೋ ಆರಿಸುವ ಬಗೆಗಳು ಅಷ್ಟೇ. 13,692 ಎಲ್ಲಿ, 120 ಎಲ್ಲಿ! ಅಕ್ಷರ ಪುನರಾವರ್ತನೆಯಾದರೆ 120 ಕೂಡ ಇಳಿಯುತ್ತದೆ.

ಕಾಗದ ಪೆನ್ನಿನಲ್ಲೂ ಇದು ಉಪಯೋಗಕ್ಕೆ ಬರುತ್ತದೆ. ಕೊಟ್ಟ ಅಕ್ಷರಗಳು ಈಗಾಗಲೇ ಯಾವುದೋ ಪದದಂತೆ ಕಂಡರೆ ಮನಸ್ಸು ಆ ಪದಕ್ಕೇ ಅಂಟಿಕೊಳ್ಳುತ್ತದೆ. ಗಾರ್ಡನ್ ಎಂದು ಓದಿಬಿಟ್ಟವರಿಗೆ ಡೇಂಜರ್ ಕಾಣಿಸುವುದಿಲ್ಲ. ಎ-ಡಿ-ಇ-ಜಿ-ಎನ್-ಆರ್ ಎಂದು ಬರೆದುಕೊಂಡರೆ ಆ ಅಂಟು ಬಿಡುತ್ತದೆ, ಗ್ಯಾಂಡರ್, ರೇಂಜ್ಡ್ ಕೂಡ ಹೊರಬರುತ್ತವೆ. ಅಕ್ಷರಗಳನ್ನು ಸಾಲಿನ ಬದಲು ವೃತ್ತದಲ್ಲಿ ಬರೆದರೂ ಕೆಲಸ ಆಗುತ್ತದೆ, ಏಕೆಂದರೆ ವೃತ್ತಕ್ಕೆ ಮೊದಲ ಅಕ್ಷರ ಎಂಬುದಿಲ್ಲ.

ಕೈಯಿಂದ ಹುಡುಕುವಾಗ

ಮೊದಲು ಬಾಲ ಕತ್ತರಿಸಿ ಪಕ್ಕಕ್ಕಿಡಿ. ಐ-ಎನ್-ಜಿ ಇದ್ದರೆ ಮೂರನ್ನೂ ಬಲಗಡೆಗೆ ಸರಿಸಿ, ಉಳಿದ ನಾಲ್ಕರಲ್ಲಿ ಕ್ರಿಯಾಪದ ಹುಡುಕಿ. ಇ-ಡಿ, ಇ-ಆರ್, ಇ-ಎಸ್-ಟಿ, ಎಲ್-ವೈ, ಐ-ಎಸ್-ಎಚ್, ಎ-ಬಿ-ಎಲ್-ಇ, ಟಿ-ಐ-ಓ-ಎನ್ ಇವಕ್ಕೂ ಹಾಗೆಯೇ. ಆಮೇಲೆ ತಲೆ: ಆರ್-ಇ, ಯು-ಎನ್, ಓ-ಯು-ಟಿ, ಡಿ-ಇ. ಇಷ್ಟೂ ಆದ ಮೇಲೆ ಒಟ್ಟಿಗೆ ಓಡಾಡುವ ವ್ಯಂಜನಗಳನ್ನು ಜೋಡಿ ಮಾಡಿ: ಸಿ-ಎಚ್, ಎಸ್-ಎಚ್, ಟಿ-ಎಚ್, ಪಿ-ಎಚ್, ಸಿ-ಕೆ, ಎಸ್-ಟಿ-ಆರ್. ಏಳು ಬಿಡಿ ಅಕ್ಷರ ಮೂರು ನಾಲ್ಕು ತುಂಡುಗಳಾದರೆ ಹುಡುಕಾಟ ತಾನಾಗಿ ಚಿಕ್ಕದಾಗುತ್ತದೆ.

ಎಸ್ ಒಂದಿದ್ದರೆ ಅದನ್ನು ಬಹುವಚನಕ್ಕೆಂದು ಕೊನೆಗೆ ತಳ್ಳುವುದು ಎಲ್ಲರ ಅಭ್ಯಾಸ. ಮೊದಲಿಗೂ ಇಟ್ಟು ನೋಡಿ.

ಕನ್ನಡದವರಿಗೆ ವಿಶೇಷವಾಗಿ ಕಾಡುವ ತೊಡಕು ಒಂದಿದೆ. ನಮ್ಮ ಬರವಣಿಗೆ ಉಚ್ಚಾರವನ್ನು ಹಿಂಬಾಲಿಸುತ್ತದೆ, ಹಾಗಾಗಿ ಅಕ್ಷರ ಕಂಡ ಕೂಡಲೇ ಅದರ ಸದ್ದಿನಿಂದ ಪದ ಕಟ್ಟಲು ಹೋಗುತ್ತೇವೆ. ಕ ಎಂಬ ಸದ್ದು ಇಂಗ್ಲಿಷಿನಲ್ಲಿ ಕ್ಯಾಟ್‌ನಲ್ಲಿ ಸಿ, ಕೈಟ್‌ನಲ್ಲಿ ಕೆ, ಕೆಮಿಸ್ಟ್‌ನಲ್ಲಿ ಸಿ-ಎಚ್, ಬ್ಯಾಕ್‌ನಲ್ಲಿ ಸಿ-ಕೆ, ಕ್ವೀನ್‌ನಲ್ಲಿ ಕ್ಯೂ. ಇದರ ಮೇಲೆ ಬಾಯಿಗೇ ಬಾರದ ಅಕ್ಷರಗಳು ಬೇರೆ. ಕೈಯಲ್ಲಿ ಕೆ ಮತ್ತು ಎನ್ ಇದ್ದರೆ ನೈಫ್, ನೀ, ನಾಟ್ ಬಗೆಯ ಕೆ-ಎನ್ ಆರಂಭವನ್ನು ನೋಡಲೇಬೇಕು. ಜಿ ಮತ್ತು ಎನ್ ಇದ್ದರೆ ನ್ಯಾಟ್‌ನ ಆರಂಭ, ಸೈನ್ ಮತ್ತು ರೇನ್‌ನ ಕೊನೆ. ಡಬ್ಲ್ಯೂ ಮತ್ತು ಆರ್ ಇದ್ದರೆ ರೈಟ್, ರಿಸ್ಟ್. ಎಂ ಮತ್ತು ಬಿ ಇದ್ದರೆ ಲ್ಯಾಂಬ್, ಥಂಬ್. ಬಿ ಮತ್ತು ಟಿ ಇದ್ದರೆ ಡೆಟ್, ಡೌಟ್. ಪಿ ಮತ್ತು ಎಸ್ ಇದ್ದರೆ ಸಾಮ್, ಸೈಕ್. ಈ ಜೋಡಿಗಳು ಕಿವಿಗೆ ಕೇಳಿಸುವುದಿಲ್ಲ, ಕಣ್ಣಿನಿಂದಲೇ ಹಿಡಿಯಬೇಕು.

ಒಂದು ಅಕ್ಷರ ಕಡಿಮೆ ಇದ್ದರೆ

ಯಾವ ಅಕ್ಷರವೆಂದಾದರೂ ಬಳಸಬಹುದಾದ ಖಾಲಿ ಬಿಲ್ಲೆ ಬಂದಾಗ ಇಪ್ಪತ್ತಾರು ಅಕ್ಷರಗಳನ್ನೂ ಒಂದೊಂದಾಗಿ ಸೇರಿಸಿ ನೋಡುವುದೇ ದಾರಿ, ಆದರೆ ಅದಕ್ಕೆ ಒಳ್ಳೆಯ ಬುಡ ಬೇಕು. ಹೆಸರಾಂತ ಬುಡಗಳಲ್ಲಿ ಒಂದು ರೆಟಿನಾ, ಕ್ರಮಕ್ಕೆ ತಂದರೆ ಎ-ಇ-ಐ-ಎನ್-ಆರ್-ಟಿ. ಸಿ ಸೇರಿದರೆ ಸರ್ಟನ್. ಡಿ ಸೇರಿದರೆ ಟ್ರೇನ್ಡ್, ಇ ಸೇರಿದರೆ ಟ್ರೇನೀ, ಎಫ್ ಸೇರಿದರೆ ಫೇಂಟರ್, ಜಿ ಸೇರಿದರೆ ಗ್ರ್ಯಾನೈಟ್. ಎಚ್‌ಗೆ ಹೇರ್‌ನೆಟ್, ಐಗೆ ಇನರ್ಶಿಯಾ, ಕೆಗೆ ಕೆರಟಿನ್, ಎಲ್‌ಗೆ ರಿಲಯಂಟ್, ಎಂಗೆ ಮಿನರೆಟ್, ಎನ್‌ಗೆ ಎನ್‌ಟ್ರೇನ್, ಪಿಗೆ ಪೇಂಟರ್, ಆರ್‌ಗೆ ಟೆರೇನ್, ಎಸ್‌ಗೆ ನ್ಯಾಸ್ಟಿಯರ್, ಟಿಗೆ ನೈಟ್ರೇಟ್, ಯುಗೆ ಯೂರಿನೇಟ್, ಡಬ್ಲ್ಯೂಗೆ ಟಾನಿಯರ್. ಆರು ಅಕ್ಷರದ ಒಂದು ಬುಡದಿಂದ ಹದಿನೇಳು ಕೊಂಬೆ!

ಈ ಬುಡಕ್ಕೆ ಇಷ್ಟು ಫಲ ಏಕೆಂದರೆ ಇದರಲ್ಲಿ ಮೂರು ಸ್ವರ, ಮೂರು ವ್ಯಂಜನ, ಎಲ್ಲವೂ ಇಂಗ್ಲಿಷಿನಲ್ಲಿ ಹೇರಳವಾಗಿ ಓಡಾಡುವ ಅಕ್ಷರಗಳು. ಸ್ಕ್ರ್ಯಾಬಲ್ ಪೆಟ್ಟಿಗೆ ನೋಡಿದರೇ ಗೊತ್ತಾಗುತ್ತದೆ. 100 ಬಿಲ್ಲೆಗಳಲ್ಲಿ ಇ 12, ಎ ಮತ್ತು ಐ ತಲಾ 9, ಓ 8, ಎನ್, ಆರ್, ಟಿ ತಲಾ 6. ಕೆ, ಜೆ, ಎಕ್ಸ್, ಕ್ಯೂ, ಝಡ್ ಒಂದೊಂದೇ. ಎರಡು ಖಾಲಿ. 1930ರ ದಶಕದಲ್ಲಿ ಆಟ ಕಟ್ಟಿದ ಆಲ್ಫ್ರೆಡ್ ಬಟ್ಸ್ ಅಕ್ಷರಗಳ ಬಳಕೆಯನ್ನು ಪತ್ರಿಕೆಯ ಪುಟಗಳಲ್ಲಿ ಎಣಿಸಿ ಈ ಲೆಕ್ಕ ಹಾಕಿದರು. ಎಸ್ ಮಾತ್ರ ಬಳಕೆಗೆ ತಕ್ಕಷ್ಟಿಲ್ಲ, ಬರೀ 4. ಬಹುವಚನ ಮಾಡುತ್ತಲೇ ಆಟ ಮುಗಿಸಿಬಿಡಬಾರದೆಂದು ಬೇಕೆಂದೇ ಕಡಿಮೆ ಇಟ್ಟದ್ದು. ಏಳೂ ಬಿಲ್ಲೆ ಒಂದೇ ಸಲಕ್ಕೆ ಇಳಿಸಿದರೆ 50 ಅಂಕ ಹೆಚ್ಚುವರಿ ಸಿಗುವುದರಿಂದ ಇಂಥ ಬುಡಗಳನ್ನು ಬಾಯಿಪಾಠ ಮಾಡುವವರಿದ್ದಾರೆ. ಮಗ್ಗಿ ಕಲಿತಂತೆ ಇದೂ ಒಂದು.

ಪದಪಟ್ಟಿ ಯಾವುದು

ಹುಡುಕುವ ಉಪಾಯ ಎಷ್ಟೇ ಚೆನ್ನಾಗಿರಲಿ, ಪಟ್ಟಿಯಲ್ಲಿ ಇಲ್ಲದ ಪದ ಸಿಗುವುದಿಲ್ಲ. ಅಂತರರಾಷ್ಟ್ರೀಯ ಸ್ಕ್ರ್ಯಾಬಲ್‌ಗೆ ಕಾಲಿನ್ಸ್ ಪಟ್ಟಿ, ಅದರಲ್ಲಿ ಸುಮಾರು 2.8 ಲಕ್ಷ ಪದಗಳಿವೆ. ಬೆಂಗಳೂರೂ ಸೇರಿದಂತೆ ಭಾರತದ ಪಂದ್ಯಾವಳಿಗಳಲ್ಲಿ ನಡೆಯುವುದು ಇದೇ. ಅಮೆರಿಕ, ಕೆನಡಾದವರದ್ದು ಬೇರೆ, ಇದಕ್ಕಿಂತ ಚಿಕ್ಕ ಪಟ್ಟಿ. ಅಲ್ಲಿರುವ ನೆಂಟರೊಂದಿಗೆ ಆನ್‌ಲೈನ್ ಆಡುವವರು ಆಟ ಶುರುವಾಗುವ ಮುಂಚೆ ಯಾವ ಪಟ್ಟಿ ಎಂದು ಕೇಳಿಕೊಳ್ಳುವುದು ಒಳ್ಳೆಯದು, ಇಲ್ಲವಾದರೆ ಜಗಳ ಖಂಡಿತ.

ಹಕ್ಕುಸ್ವಾಮ್ಯದ ರಗಳೆಯಿಲ್ಲದೆ ಇಳಿಸಿಕೊಳ್ಳಲು ಎನೇಬಲ್ ಎಂಬ ಪಟ್ಟಿ ಇದೆ, 1.72 ಲಕ್ಷದಷ್ಟು ಪದಗಳು, ಒಂದು ಸಾಲಿಗೆ ಒಂದು. ಹಳೆಯದಾದ್ದರಿಂದ 2006ರಲ್ಲಿ ಅಮೆರಿಕದ ಪಟ್ಟಿಗೆ ಸೇರಿದ ಕ್ಯೂ-ಐ, ಝಡ್-ಎ ಅಂಥ ಕಿರುಪದಗಳನ್ನು ಅದರಲ್ಲಿ ನಿರೀಕ್ಷಿಸಬೇಡಿ. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ವರ್ಡ್ಸ್ ಎಂಬ ಫೈಲೊಂದು ಸಿಸ್ಟಮ್ಮಿನ ಡಿಕ್ಟ್ ಫೋಲ್ಡರಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಮ್ಯಾಕ್‌ನದ್ದು 1934ರ ವೆಬ್‌ಸ್ಟರ್ ಎರಡನೇ ಆವೃತ್ತಿಯಿಂದ ಬಂದದ್ದು. ಅದರಲ್ಲಿ ಬಹುವಚನ, ಇ-ಡಿ, ಐ-ಎನ್-ಜಿ ರೂಪಗಳು ಬಹಳವಿಲ್ಲ, ಇಮೇಲ್‌ನಂಥ ಪದವೂ ಇಲ್ಲ, ಅದೇ ಹೊತ್ತಿಗೆ ಯಾರೂ ಕೇಳರಿಯದ ಗಿಡಮೂಲಿಕೆಗಳ ಹೆಸರು ರಾಶಿ ರಾಶಿ. ಆಟಕ್ಕೆ ಅದು ಹೊಂದುವುದಿಲ್ಲ.

ಯಾವ ಪಟ್ಟಿಯಾದರೂ ಮೊದಲು ಹಸನು ಮಾಡಿಕೊಳ್ಳಿ. ಎಲ್ಲವನ್ನೂ ಸಣ್ಣಕ್ಷರಕ್ಕೆ ತನ್ನಿ. ಅಂಕಿತನಾಮ ಬೇಡವೆಂದರೆ ದೊಡ್ಡಕ್ಷರದಿಂದ ಶುರುವಾಗುವ ಸಾಲುಗಳನ್ನು ಅದಕ್ಕೂ ಮುಂಚೆ ತೆಗೆದುಹಾಕಿ. ಆಮೇಲೆ ತೆಗೆಯಲು ಬರುವುದಿಲ್ಲ, ಗುರುತು ಅಳಿಸಿಹೋಗಿರುತ್ತದೆ. ಅಪಾಸ್ಟ್ರಫಿ, ಹೈಫನ್ ಇರುವ ಸಾಲುಗಳನ್ನೂ ತೆಗೆಯಿರಿ. ಕಾಗುಣಿತ ಬ್ರಿಟಿಷೋ ಅಮೆರಿಕನ್ನೋ ನೋಡಿ. ಯು ಇರುವ ಕಲರ್ ಬೇಕಾಗಿ ಅಮೆರಿಕದ ಪಟ್ಟಿ ಜಾಲಾಡಿದರೆ ಅದು ಸಿಗದೆ ಹೋಗಬಹುದು.

ಎಕ್ಸೆಲ್‌ನಲ್ಲಿ

ಎಕ್ಸೆಲ್ ಹಾಳೆಗೆ 10,48,576 ಸಾಲು ಹಿಡಿಸುತ್ತದೆ, ಕಾಲಿನ್ಸ್ ಪಟ್ಟಿ ಆರಾಮಾಗಿ ಕೂರುತ್ತದೆ. ತರುವಾಗ ಕಾಲಮ್ಮನ್ನು ಟೆಕ್ಸ್ಟ್ ಎಂದು ಹೇಳಿಯೇ ತನ್ನಿ. ಇಲ್ಲವಾದರೆ ಟ್ರೂ, ಫಾಲ್ಸ್ ಎಂಬ ಎರಡು ಪದಗಳನ್ನು ಅದು ಪದವೆಂದು ಒಪ್ಪದೆ ಹೌದು-ಅಲ್ಲಗಳ ಬೆಲೆಯಾಗಿ ಮಾರ್ಪಡಿಸಿಬಿಡುತ್ತದೆ.

ಪದಬಂಧದ ಪ್ರಶ್ನೆಗೆ ಪ್ರಶ್ನಾರ್ಥಕ ಚಿಹ್ನೆ ಸಾಕು, ಒಂದು ಚಿಹ್ನೆಗೆ ಒಂದು ಅಕ್ಷರ. ನಕ್ಷತ್ರ ಚಿಹ್ನೆ ಎಷ್ಟು ಅಕ್ಷರಕ್ಕಾದರೂ ಆದೀತು, ಸೊನ್ನೆಗೂ ಆದೀತು. ಎರಡನೇ ಅಕ್ಷರ ಆರ್, ಕೊನೆಯದು ಟಿ, ಒಟ್ಟು ಐದು ಎಂದಾದರೆ ಫಿಲ್ಟರಿನಲ್ಲಿ ?, ಆರ್, ?, ?, ಟಿ ಎಂದು ಅಂತರವಿಲ್ಲದೆ ಒತ್ತಿ.

ಎಲ್ಲವೂ ಇರಬೇಕು ಎಂಬ ಪ್ರಶ್ನೆಗೆ ನಕ್ಷತ್ರ ಹಾಕಿ ನಕ್ಷತ್ರದ ನಡುವೆ ಕ್ಯೂ, ಆಮೇಲೆ ಝಡ್ ಎಂದು ಬರೆಯುವವರೇ ಜಾಸ್ತಿ. ಕ್ವಾರ್ಟ್ಝ್ ಬರುತ್ತದೆ, ಸ್ಕ್ವೀಝ್ ಬರುತ್ತದೆ, ನೋಡುವವರಿಗೆ ಸರಿಯೆನಿಸುತ್ತದೆ. ಬೆಝೀಕ್ ಎಂಬ ಇಸ್ಪೀಟಾಟ ಮಾತ್ರ ಬರುವುದಿಲ್ಲ. ಅದರ ಕಾಗುಣಿತ ಬಿ-ಇ-ಝಡ್-ಐ-ಕ್ಯೂ-ಯು-ಇ, ಝಡ್ ಮೊದಲು ಬಂದಿದೆ. ನಕ್ಷತ್ರಗಳ ಸಾಲು "ಇದಾದ ಮೇಲೆ ಅದು" ಎಂದು ಕೇಳುತ್ತದೆಯೇ ಹೊರತು "ಇದೂ ಅದೂ" ಎಂದಲ್ಲ. ಪರಿಹಾರ: ಒಂದೊಂದು ಅಕ್ಷರಕ್ಕೂ ಬೇರೆ ಬೇರೆ ಜರಡಿ. ಕಸ್ಟಮ್ ಫಿಲ್ಟರಿನಲ್ಲಿ ಎರಡೇ ಷರತ್ತಿಗೆ ಜಾಗ ಇರುವುದರಿಂದ ಮೂರು ಅಕ್ಷರಕ್ಕೆ ಪಕ್ಕದ ಕಾಲಮ್ಮುಗಳಲ್ಲಿ ಸರ್ಚ್ ಸೂತ್ರ ಹಾಕಿ ಎಣಿಸುವುದೇ ವಾಸಿ.

ಒಂದು ಪದದಲ್ಲಿ ಪಿ ಎಷ್ಟು ಸಲ ಇದೆ ಎಂದು ತಿಳಿಯಲು ಪದದ ಉದ್ದದಿಂದ, ಪಿ ಎಲ್ಲವನ್ನೂ ಸಬ್‌ಸ್ಟಿಟ್ಯೂಟ್ ಸೂತ್ರದಿಂದ ಅಳಿಸಿದ ಪದದ ಉದ್ದ ಕಳೆಯಿರಿ. ಆ ಸೂತ್ರ ದೊಡ್ಡಕ್ಷರ ಸಣ್ಣಕ್ಷರವನ್ನು ಬೇರೆ ಎಂದೇ ನೋಡುತ್ತದೆ. ಪಟ್ಟಿ ದೊಡ್ಡಕ್ಷರದಲ್ಲಿದ್ದು ನೀವು ಸಣ್ಣ ಪಿ ಕೊಟ್ಟರೆ ಉತ್ತರ ಸದಾ ಸೊನ್ನೆ. ಹೊಸ ಎಕ್ಸೆಲ್ ಇದ್ದರೆ ಕ್ರಮದ ಸಾಲನ್ನೂ ಸೂತ್ರದಿಂದಲೇ ತೆಗೆಯಬಹುದು. ಒಳಗಿನಿಂದ ಹೊರಕ್ಕೆ ಕಟ್ಟಿ: ಸೀಕ್ವೆನ್ಸ್ ಒಂದರಿಂದ ಪದದ ಉದ್ದದವರೆಗೆ ಎಣಿಸುತ್ತದೆ, ಮಿಡ್ ಪದವನ್ನು ಬಿಡಿ ಅಕ್ಷರ ಮಾಡುತ್ತದೆ, ಸಾರ್ಟ್ ಕ್ರಮಕ್ಕೆ ತರುತ್ತದೆ, ಕಾನ್‌ಕ್ಯಾಟ್ ಮತ್ತೆ ಅಂಟಿಸುತ್ತದೆ. ಲಕ್ಷಾಂತರ ಸಾಲಿಗೆ ಒಮ್ಮೆ ಲೆಕ್ಕ ಆದ ಮೇಲೆ ಸೂತ್ರವನ್ನು ಬೆಲೆಯಾಗಿ ಪೇಸ್ಟ್ ಮಾಡಿಬಿಡಿ, ಇಲ್ಲದಿದ್ದರೆ ಹಾಳೆ ಪ್ರತಿ ಸಲವೂ ಏದುಸಿರು ಬಿಡುತ್ತದೆ.

ರೆಜೆಕ್ಸ್ ಗೊತ್ತಿರುವವರಿಗೆ

ರೆಜೆಕ್ಸ್ ಎಂದರೆ ಬೇಕಾದ ಪದದ ಮಾದರಿಯನ್ನು ಚಿಹ್ನೆಗಳಿಂದ ಬರೆದು ಹುಡುಕುವ ಬಗೆ. ಫೈಲಿನಲ್ಲಿ ಸಾಲು ಹುಡುಕುವ ಆಜ್ಞೆಯಾದ ಗ್ರೆಪ್ ಆಗಲಿ, ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಆಗಲಿ, ಚಿಹ್ನೆಗಳು ಅವೇ: ಸಾಲಿನ ಆರಂಭಕ್ಕೆ ^, ಕೊನೆಗೆ $, ಯಾವುದಾದರೂ ಒಂದು ಅಕ್ಷರಕ್ಕೆ ಚುಕ್ಕಿ. ಗ್ರೆಪ್‌ನಲ್ಲಿ ಎಲ್ಲವೂ ಇರಬೇಕು ಎಂಬುದಕ್ಕೆ ಮೊದಲ ಗ್ರೆಪ್‌ನ ಫಲಿತಾಂಶವನ್ನು | ಚಿಹ್ನೆಯಿಂದ ಎರಡನೆಯದಕ್ಕೆ, ಎರಡನೆಯದನ್ನು ಮೂರನೆಯದಕ್ಕೆ ದಾಟಿಸಿದರಾಯಿತು. ಕೈಯಲ್ಲಿ ನಡೆಸುವುದಾದರೆ ತೀರ ಅಪರೂಪದ ಅಕ್ಷರದಿಂದ ಶುರು ಮಾಡಿ. ಇ, ಎನ್, ಝಡ್ ಮೂರೂ ಬೇಕೆಂದರೆ ಮೊದಲ ಜರಡಿ ಝಡ್. ಒಂದೇ ಏಟಿಗೆ ಪಟ್ಟಿ ಕರಗಿಹೋಗುತ್ತದೆ.

ಇವಷ್ಟೇ ಅಕ್ಷರ ಎಂಬುದಕ್ಕೆ ^ ಆದ ಮೇಲೆ ಚೌಕ ಕಂಸದೊಳಗೆ ಅಕ್ಷರಗಳು, ಆಮೇಲೆ +, ಕೊನೆಗೆ $. ಸ್ಕ್ರ್ಯಾಬಲ್ ಆಡುವವರು ಇಲ್ಲಿ ಮುಗ್ಗರಿಸುತ್ತಾರೆ. ಕೈಯಲ್ಲಿ ಎ, ಪಿ, ಎಲ್, ಇ ಒಂದೊಂದೇ ಇವೆ. ಕಂಸದಲ್ಲಿ ಇವನ್ನಿಟ್ಟರೆ ಲೀಪ್, ಪ್ಲೀ, ಪೇಲ್ ಜೊತೆ ಆ್ಯಪಲ್, ಅಪೀಲ್ ಕೂಡ ಬಂದು ಕೂರುತ್ತವೆ, ಎರಡಕ್ಕೂ ಎರಡು ಪಿ ಬೇಕು. ಚೌಕ ಕಂಸಕ್ಕೆ ಎಣಿಕೆ ಗೊತ್ತಿಲ್ಲ. ಸ್ಪೆಲ್ಲಿಂಗ್ ಬೀಗೆ ಇದೇ ಸರಿಯಾದ ಉತ್ತರ, ಸ್ಕ್ರ್ಯಾಬಲ್‌ಗೆ ಇದು ಅರ್ಧ ಜರಡಿ ಮಾತ್ರ.

ಎಣಿಕೆ ಬೇಕಾದಲ್ಲಿ ನಾಲ್ಕು ಸಾಲಿನ ಪ್ರೋಗ್ರಾಮೇ ನೆಮ್ಮದಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೌಂಟರ್ ಎಂಬುದು ಪದದ ಅಕ್ಷರಗಳನ್ನು ಎಣಿಸಿ ಕೊಡುತ್ತದೆ, ಒಂದರಿಂದ ಇನ್ನೊಂದನ್ನು ಕಳೆಯಲೂ ಬರುತ್ತದೆ. ಪದದಿಂದ ಕೈಯಲ್ಲಿರುವ ಅಕ್ಷರಗಳನ್ನು ಕಳೆದಾಗ ಏನೂ ಉಳಿಯದಿದ್ದರೆ ಆ ಪದ ನಿಮ್ಮ ಬಿಲ್ಲೆಗಳಿಂದ ಆಗುತ್ತದೆ. ಉಳಿದ ಅಕ್ಷರಗಳ ಸಂಖ್ಯೆ ಖಾಲಿ ಬಿಲ್ಲೆಗಳ ಸಂಖ್ಯೆಯನ್ನು ಮೀರದಿದ್ದರೂ ಆಗುತ್ತದೆ. ಕಳೆಯುವುದನ್ನು ತಿರುಗಿಸಿ, ಕೈಯಲ್ಲಿರುವ ಅಕ್ಷರಗಳಿಂದ ಪದವನ್ನು ಕಳೆದಾಗ ಏನೂ ಉಳಿಯದಿದ್ದರೆ ಆ ಪದದಲ್ಲಿ ನೀವು ಕೇಳಿದ ಅಕ್ಷರಗಳೆಲ್ಲ ಇವೆ ಎಂದರ್ಥ. ಎರಡೂ ಕಡೆಯಿಂದ ಏನೂ ಉಳಿಯದಿದ್ದರೆ ಅನಾಗ್ರಾಮ್. ಮೊದಲ ಮೂರು ಪ್ರಶ್ನೆಗಳೂ ಒಂದೇ ಕಳೆಯುವ ಲೆಕ್ಕದಲ್ಲಿ ಮುಗಿದವು.

ಕೊನೆಯ ಅಕ್ಷರ ಟಿ ಇರುವ ಪದಗಳೆಂದು ಕೇಳಿದಾಗ ಒಂದೂ ಬಾರದೆ, $ ತೆಗೆದರೆ ಸಾವಿರಾರು ಬಂದರೆ, ತಪ್ಪು ನಿಮ್ಮದಲ್ಲ. ವಿಂಡೋಸ್‌ನಲ್ಲಿ ಉಳಿಸಿದ ಫೈಲಿನ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಇನ್ನೊಂದು ಗುರುತು ಇರುತ್ತದೆ, ಲಿನಕ್ಸ್ ಅದನ್ನೂ ಅಕ್ಷರವೆಂದೇ ಎಣಿಸುತ್ತದೆ. ಐದಕ್ಷರದ ಪದ ಆರಕ್ಷರವಾಗುವುದೂ ಇದರಿಂದಲೇ. ಫೈಲನ್ನು ಯುನಿಕ್ಸ್ ಸಾಲುಕೊನೆಗೆ ಬದಲಾಯಿಸಿ ಉಳಿಸಿದರೆ ಸರಿಹೋಗುತ್ತದೆ. ಗೂಗಲ್ ಶೀಟ್ಸ್‌ನ ರೆಜೆಕ್ಸ್‌ಮ್ಯಾಚ್‌ಗೆ ಮುನ್ನೋಟದ ಷರತ್ತುಗಳು, ಅಂದರೆ ಲುಕ್‌ಅಹೆಡ್, ಅರ್ಥವಾಗುವುದಿಲ್ಲ. ಅಲ್ಲಿ ಒಂದೊಂದು ಅಕ್ಷರಕ್ಕೂ ಬೇರೆ ರೆಜೆಕ್ಸ್‌ಮ್ಯಾಚ್ ಬರೆದು ಗುಣಿಸಿ.

ಪಕ್ಕಪಕ್ಕದ ಅಕ್ಷರಗಳ ಹುಡುಕಾಟದಲ್ಲೂ ಒಂದು ಕಸ ಸೇರುತ್ತದೆ. ಐ-ಎನ್-ಜಿ ಪ್ರತ್ಯಯದ ಪದ ಬೇಕೆಂದು ಬರೀ ಆ ಮೂರನ್ನು ಕೊಟ್ಟರೆ ಸಿಂಗಲ್, ಇಂಗಾಟ್ ಬರುತ್ತವೆ. ಕೊನೆಗೆ $ ಹಾಕಿದರೂ ಕಿಂಗ್, ರಿಂಗ್ ಹೋಗುವುದಿಲ್ಲ, ಅವನ್ನು ಕಣ್ಣಿನಿಂದಲೇ ಆರಿಸಬೇಕು. ಪ್ರತ್ಯಯ ಎಂಬುದು ವ್ಯಾಕರಣದ ಮಾತು, ಜರಡಿಗೆ ಅದು ಗೊತ್ತಿಲ್ಲ.

ಕೋಡ್ ಬೇಡವೆನ್ನುವವರಿಗೆ ಝಿಝಿವಾ ಎಂಬ ಪದಾಭ್ಯಾಸದ ಸಾಫ್ಟ್‌ವೇರ್ ಇದೆ. ಅನೇಕ ಇಂಗ್ಲಿಷ್ ನಿಘಂಟುಗಳ ಕೊನೆಯ ಪದ ಅದೇ, ಒಂದು ಜಾತಿಯ ಹುಳು. ಅದರಲ್ಲಿ ಅನಾಗ್ರಾಮ್, ಸಬ್‌ಅನಾಗ್ರಾಮ್, ಪ್ಯಾಟರ್ನ್, ಇನ್‌ಕ್ಲೂಡ್ಸ್ ಲೆಟರ್ಸ್ ಎಂದು ಬೇರೆ ಬೇರೆ ಆಯ್ಕೆಗಳೇ ಇವೆ. ಮೇಲೆ ಹೇಳಿದ ಪ್ರಶ್ನೆಗಳಿಗೆ ಅವೇ ಹೆಸರುಗಳು. ಅರ್ಥವೂ ಬೇಕಾದರೆ ವನ್‌ಲುಕ್ ನಿಘಂಟು ತಾಣ ಪ್ರಶ್ನಾರ್ಥಕ ಮತ್ತು ನಕ್ಷತ್ರ ಚಿಹ್ನೆ ಒಪ್ಪುತ್ತದೆ.

ವರ್ಡಲ್‌ನ ಉರುಳು

ಜೋಶ್ ವಾರ್ಡಲ್ 2021ರಲ್ಲಿ ಬಿಟ್ಟ, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡ ಈ ಆಟದಲ್ಲಿ ಐದಕ್ಷರದ ಪದಕ್ಕೆ ಆರು ಊಹೆ. ಊಹೆಯ ಅಕ್ಷರ ಸರಿಯಾದ ಮನೆಯಲ್ಲಿದ್ದರೆ ಹಸಿರು, ಬೇರೆ ಮನೆಯಲ್ಲಿ ಇರಬೇಕಾದದ್ದಾದರೆ ಹಳದಿ, ಉಳಿದದ್ದು ಬೂದು. ಇಲ್ಲಿ ಎರಡು ಕಡೆ ಲೆಕ್ಕ ತಪ್ಪುತ್ತದೆ. ಒಂದು, ಬೂದು ಬಣ್ಣ ಬಂದ ಅಕ್ಷರ ಪದದಲ್ಲಿ ಇಲ್ಲವೇ ಇಲ್ಲ ಎಂದುಕೊಳ್ಳುವುದು. ನೀವು ಎರಡು ಇ ಇರುವ ಪದ ಹಾಕಿ, ಉತ್ತರದಲ್ಲಿ ಒಂದೇ ಇದ್ದರೆ, ಒಂದು ಇಗೆ ಬಣ್ಣ ಬಂದು ಇನ್ನೊಂದು ಬೂದಾಗುತ್ತದೆ. ಅದನ್ನು ನೋಡಿ ಇ ಅಕ್ಷರವನ್ನೇ ಕೈಬಿಟ್ಟರೆ ಉತ್ತರವೂ ಕೈಬಿಟ್ಟಂತೆ.

ಇನ್ನೊಂದು, ನಾಲ್ಕು ಅಕ್ಷರ ಹಸಿರಾದ ಕೂಡಲೇ ಗೆದ್ದೆವು ಎಂದುಕೊಳ್ಳುವುದು. ಕೊನೆಯ ನಾಲ್ಕು ಐ-ಜಿ-ಎಚ್-ಟಿ ಎಂದು ಗೊತ್ತಾಯಿತು ಎನ್ನಿ. ಉಳಿದಿರುವವು ಏಟ್, ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್, ಟೈಟ್, ಬಳಕೆಯ ಪದಗಳೇ ಎಂಟು. ಒಂದೊಂದಾಗಿ ಹಾಕುತ್ತಾ ಹೋದರೆ ಊಹೆ ಮುಗಿದು ಪದ ಉಳಿಯುತ್ತದೆ. ಹಾಗೆ ಮಾಡದೆ, ಉತ್ತರವಾಗಲಾರದೆಂದು ಗೊತ್ತಿದ್ದೂ ಫ್ಲೇಮ್ ಹಾಕಿ. ಅದರಲ್ಲಿ ಎಫ್, ಎಲ್, ಎಂ, ಇ ನಾಲ್ಕೂ ಇವೆ. ಯಾವುದಕ್ಕೆ ಬಣ್ಣ ಬಂತೋ ಅದೇ ಮೊದಲಕ್ಷರ. ಯಾವುದಕ್ಕೂ ಬಾರದಿದ್ದರೆ ಸ್ನಾರ್ಟ್: ಎಸ್ ಹಸಿರಾದರೆ ಸೈಟ್, ಎನ್ ಹಳದಿಯಾದರೆ ನೈಟ್, ಆರ್ ಹಳದಿಯಾದರೆ ರೈಟ್, ಕೊನೆಯ ಟಿ ಬಿಟ್ಟು ಏನೂ ಹೊಳೆಯದಿದ್ದರೆ ಟೈಟ್. ಎಂಟು ಪದ ಎರಡು ಊಹೆಯಲ್ಲಿ ಬಗೆಹರಿದು ಮೂರನೆಯದಕ್ಕೆ ಉತ್ತರ. ಹಾರ್ಡ್ ಮೋಡ್‌ನಲ್ಲಿ ಹಸಿರಾದ ಅಕ್ಷರಗಳನ್ನು ಬಿಡುವಂತಿಲ್ಲ, ಅಲ್ಲಿ ಈ ಉಪಾಯ ನಡೆಯದು. ಹಾಗಾಗಿ ಆ ಬಗೆಯಲ್ಲಿ ಆಡುವವರು ಐ-ಜಿ-ಎಚ್-ಟಿ ಒಟ್ಟಿಗೆ ಹಸಿರಾಗುವ ಊಹೆಯನ್ನು ಆದಷ್ಟು ಮುಂದಕ್ಕೆ ಹಾಕುವುದು ಕ್ಷೇಮ.

ಅಕ್ಷರಗಳು ಕೈಕೊಟ್ಟಾಗ

ಸ್ವರಗಳೇ ತುಂಬಿಕೊಂಡರೆ ಅಡ್ಯೂ, ಆಡಿಯೋ, ಈರಿ, ಅಯೋಲಿ, ಕ್ಯೂ ನೆನಪಿರಲಿ. ಈ ಕೊನೆಯದು ಕ್ಯೂ-ಯು-ಇ-ಯು-ಇ, ಒಂದು ವ್ಯಂಜನಕ್ಕೆ ನಾಲ್ಕು ಸ್ವರ. ಸ್ವರವೇ ಇಲ್ಲದಿದ್ದರೆ ವೈ ಇದೆಯೇ ನೋಡಿ: ರಿದಮ್, ಲಿಂಕ್ಸ್, ನಿಂಫ್, ಕ್ರಿಪ್ಟ್. ಅದೂ ಇಲ್ಲವೆಂದರೆ ಎನ್-ಟಿ-ಎಚ್, ಟಿ-ಎಸ್-ಕೆ, ಪಿ-ಎಸ್-ಟಿ, ಬಿ-ಆರ್-ಆರ್, ಮತ್ತು ವೇಲ್ಸ್ ಭಾಷೆಯಿಂದ ಬಂದ ಸಿ-ಡಬ್ಲ್ಯೂ-ಎಂ ಸ್ಕ್ರ್ಯಾಬಲ್‌ನಲ್ಲಿ ನಡೆಯುತ್ತವೆ. ವೇಲ್ಸ್‌ನವರಿಗೆ ಡಬ್ಲ್ಯೂ ಕೂಡ ಸ್ವರವೇ.

ಕ್ಯೂ ಬಂದು ಯು ಬಾರದಿದ್ದರೆ ಹೆಚ್ಚಿನವರು ಆ ಬಿಲ್ಲೆಯನ್ನು ಆಟ ಮುಗಿಯುವವರೆಗೂ ಹೊತ್ತುಕೊಂಡು ತಿರುಗುತ್ತಾರೆ. ಕ್ಯೂ-ಐ ಎರಡೇ ಅಕ್ಷರ, 11 ಅಂಕ. ಅದರಾಚೆ ನೋಡಿದರೆ ಯು ಹಿಂಬಾಲಿಸದ ಕ್ಯೂ ಇರುವ ಬಹುಪಾಲು ಪದಗಳು ಅರಬ್ಬಿ ಮೂಲದವು, ಅಂದರೆ ಅರ್ಧಕ್ಕರ್ಧ ನಮಗೆ ಗೊತ್ತಿರುವವೇ: ಫಕೀರ, ತಲಾಖ್, ಬುರ್ಖಾ, ನಿಖಾಬ್. ಕನ್ನಡದಲ್ಲಿ ಖ ಅಥವಾ ಕ ಎಂದು ಬರೆಯುವಲ್ಲಿ ಇಂಗ್ಲಿಷಿನ ಪಟ್ಟಿ ಕ್ಯೂ ಇಟ್ಟಿದೆ. ಜೆಯಿಂದ ಮುಗಿಯುವ ಪದ ಇಂಗ್ಲಿಷಿನಲ್ಲಿ ಬೆರಳೆಣಿಕೆಯಷ್ಟು, ಅವೂ ಹಜ್, ತಾಜ್, ರಾಜ್, ಸ್ವರಾಜ್.

ಇಂಥ ಪದಗಳಲ್ಲಿ ಕಾಗುಣಿತ ಒಂದಕ್ಕಿಂತ ಹೆಚ್ಚು ಇರುವುದು ಆಟಗಾರರಿಗೆ ಅನುಕೂಲ. ತುಪ್ಪಕ್ಕೆ ಜಿ-ಎಚ್-ಇ-ಇ ಆದೀತು, ಜಿ-ಎಚ್-ಐ ಕೂಡ ಆದೀತು. ಬೇಳೆಗೆ ಡಿ-ಎ-ಎಲ್, ಡಿ-ಎಚ್-ಎ-ಎಲ್, ಡಿ-ಎ-ಎಚ್-ಎಲ್ ಮೂರೂ ಉಂಟು. ಸೀರೆಗೆ ಐಯಿಂದ ಮುಗಿಯುವ ರೂಪವೂ ಎರಡು ಇಯಿಂದ ಮುಗಿಯುವ ರೂಪವೂ ಇದೆ. ಧೋತಿಯಂತೂ ಡಿ-ಎಚ್-ಓ-ಟಿ-ಐ ಒಂದೇ ಅಲ್ಲ. ಓ ಎರಡು ಬಂದಿದ್ದರೆ ಡಿ-ಎಚ್-ಓ-ಓ-ಟಿ-ಐ ನಡೆಯುತ್ತದೆ, ಓ ಒಂದೂ ಇಲ್ಲದೆ ಯು ಇದ್ದರೆ ಡಿ-ಎಚ್-ಯು-ಟಿ-ಐ, ಎರಡು ಓ ಜೊತೆಗೆ ಇ ಕೂಡ ಮಿಕ್ಕಿದ್ದರೆ ಅದನ್ನು ಕೊನೆಗೆ ಸೇರಿಸಿ ಏಳೂ ಬಿಲ್ಲೆ ಒಟ್ಟಿಗೆ ಇಳಿಸಿ 50 ಅಂಕ ಎತ್ತಬಹುದು.